ಬಹುವಚನ

ಹಿಂದಿನ ಸೀಟಿನಲ್ಲಿ ಡ್ರಮ್ಮು ಅಲುಗಿದಾಗಲೆಲ್ಲ ಶಶಿಕಾಂತನ ಕಾಲು ತನ್ನಷ್ಟಕ್ಕೆ ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಡ್ರಮ್ಮಿಗೆ ಸೀಟ್ ಬೆಲ್ಟ್ ಬಿಗಿದಿದ್ದ. ಮನೆ ಕಟ್ಟಿಸುವಾಗ ನೀರು ಹಿಡಿದಿಡಲು ತಂದಿದ್ದ ನೀಲಿ ಡ್ರಮ್ಮು ಅದು. ಮುಚ್ಚಳಕ್ಕೆ ಕಾಯಿಸಿದ ಸರಳಿನಿಂದ ತೂತು ಹಾಕಿದ್ದ. ತೂತುಗಳ ಕೆಳಗೆ, ಅರ್ಧ ಡ್ರಮ್ಮು ನೀರಿನಲ್ಲಿ, ಅವನ ತೋಳಿನಷ್ಟು ಉದ್ದದ ಮೀನು ಮೂತಿ ಮೇಲೆ ಮಾಡಿಕೊಂಡು ನಿಂತಿತ್ತು. ನೀರೊಳಗಿದ್ದೂ ಆಗಾಗ ಮೇಲೆ ಬಂದು ಗಾಳಿ ನುಂಗುವ ಜಾತಿ. ನುಂಗಿದಾಗ ಗುಳುಕ್ ಎಂದು ಸದ್ದಾಗುತ್ತಿತ್ತು, ಮುದುಕರು ಮಜ್ಜಿಗೆ ಕುಡಿದ ಹಾಗೆ. ಬಳ್ಳಾರಿ ಬಿಟ್ಟಾಗಿನಿಂದ ಶಶಿಕಾಂತ ಹಾಡು ಹಾಕಿರಲಿಲ್ಲ. ಆ ಸದ್ದು ಬಂತೇ ಇಲ್ಲವೇ ಎಂದು ಕಿವಿಗೊಟ್ಟುಕೊಂಡೇ ಗಾಡಿ ಓಡಿಸುತ್ತಿದ್ದ. ಬಾರದಿದ್ದರೆ ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದ, ಬಂದರೆ ಜೀವ ಹಗುರಾಗುತ್ತಿತ್ತು. ಇಂಥ ಎಡಬಿಡಂಗಿತನ ಅವನಿಗೆ ಹೊಸದೇನಲ್ಲ.

ಹೋಗುತ್ತಿದ್ದದ್ದು ಸಿರುಗುಪ್ಪಕ್ಕೆ, ಗೆಳೆಯ ಸಮ್ರಾಟನ ಮನೆಗೆ. ಆ ಮೀನನ್ನು ಸಮ್ರಾಟ ಕೊಂದುಕೊಡಬೇಕಿತ್ತು. ಈ ಮಾತನ್ನು ಮಾತ್ರ ಅವನಿಗೆ ಇನ್ನೂ ಹೇಳಿರಲಿಲ್ಲ. ಭಾನುವಾರ ಸುಮ್ಮನೆ ಬಂದುಹೋಗುತ್ತೇನೆ ಎಂದು ಫೋನಿನಲ್ಲಿ ತಿಳಿಸಿದ್ದ. ಸಮ್ರಾಟ ಪ್ರಾಣಿಶಾಸ್ತ್ರದ ಉಪನ್ಯಾಸಕ, ಕಪ್ಪೆ ಜಿರಲೆ ಕೊಯ್ದು ಪಳಗಿದ ಕೈ, ಆದ್ದರಿಂದ ಅವನಲ್ಲಿಗೆ ಒಯ್ಯುವುದೇ ಸರಿ ಎಂದು ಹೆಂಡತಿ ಅಂಜನಾಗೆ ವಿವರಿಸಿದ್ದ. ಅಂಜನಾ ಅವನ ಮುಖವನ್ನು ಒಂದು ಗಳಿಗೆ ನೋಡಿ “ಅದಕ್ಕ?” ಎಂದಷ್ಟೇ ಕೇಳಿ, ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿದ್ದಳು. ಆ ಪ್ರಶ್ನೆಗೆ ಶಶಿಕಾಂತ ಕಾರಿನಲ್ಲಿ ಕೂತು ಹಲವು ಬಗೆಯ ಉತ್ತರ ಕಟ್ಟಿದ. ಎಲ್ಲವೂ ಚೆನ್ನಾಗಿಯೇ ಇದ್ದವು. ಕೇಳಿದವಳು ಹತ್ತಿರ ಇರಲಿಲ್ಲ.

ಸರ್ಕಾರದ ಆದೇಶ ಬಂದು ಸ್ವಲ್ಪ ದಿನವಾಗಿತ್ತು. ಹೊರದೇಶದ ಇಂಥಿಂಥ ಹಿಂಸ್ರ ಮೀನುಗಳನ್ನು ಯಾರೂ ಸಾಕುವಂತಿಲ್ಲ, ಮಾರುವಂತಿಲ್ಲ, ಸಾಗಿಸುವಂತಿಲ್ಲ, ಕೆರೆಗಾಗಲಿ ಕಾಲುವೆಗಾಗಲಿ ಬಿಡುವಂತಿಲ್ಲ. ಪತ್ರಿಕೆಯಲ್ಲಿ ಚಿತ್ರವನ್ನೂ ಹಾಕಿದ್ದರು: ಉದ್ದ ಮೂತಿ, ಮೂತಿಯ ತುಂಬ ಹಲ್ಲು. ತನ್ನ ಮನೆಯ ಮೀನು ತಲೆತಪ್ಪಿಸಿಕೊಂಡ ಕಳ್ಳನ ಹಾಗೆ ಅಚ್ಚಾದದ್ದನ್ನು ನೋಡಿ ಶಶಿಕಾಂತನಿಗೆ ಮೊದಲು ನಗು ಬಂತು. ಅವನು ಅರ್ಥಶಾಸ್ತ್ರ ಹೇಳುವವನು. ಕಾನೂನು ಇರುವುದು ಬೇರೆಯವರಿಗೆ ಎಂಬ ನಂಬಿಕೆಯಲ್ಲೇ ಐವತ್ತರ ಹತ್ತಿರ ಬಂದಿದ್ದ. ಕೌಲ್ ಬಜಾರಿನ ಅಂಗಡಿಯಿಂದ ತಂದಾಗ ಅದು ಬೆರಳಿನಷ್ಟಿತ್ತು. ಮೊಸಳೆ ಮೀನು, ನೋಡಲಿಕ್ಕೆ ಮಜಾ ಇರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಕಂಟೋನ್ಮೆಂಟಿನ ಮನೆಯ ಹಾಲ್‌ನಲ್ಲಿ, ಗಾಜಿನ ತೊಟ್ಟಿಯೊಳಗೆ, ಅದು ಅಲುಗದೆ ನಿಲ್ಲುತ್ತಿತ್ತು. ಕಾಲೇಜಿನಿಂದ ಬಂದು ಅದರ ಮುಂದೆ ಕೂತರೆ ಯಾರಿಗೂ ಏನೂ ಉತ್ತರ ಹೇಳಬೇಕಾಗಿರಲಿಲ್ಲ. ತೊಟ್ಟಿಯಲ್ಲಿದ್ದ ಬಣ್ಣದ ಮೀನುಗಳು ಒಂದೊಂದಾಗಿ ಕಾಣೆಯಾದಾಗ ಮನೆಯವರು ಆ ಸುದ್ದಿಯನ್ನೇ ಎತ್ತಲಿಲ್ಲ. ತಲೆಮಾರುಗಳಿಂದ ಮೊಟ್ಟೆಯೂ ಹೊಸ್ತಿಲು ದಾಟದ ಲಿಂಗಾಯತರ ಮನೆ. ಆಮೇಲೆ ಕಾರ್ ಶೆಡ್ಡಿನಲ್ಲಿ ಹಳೆಯ ಫ್ರಿಜ್ಜೊಂದು ಬಂದು ನಿಂತಿತು. ಅದರಲ್ಲಿ ಕೋಳಿಯ ತುಂಡು. ತರುವುದು, ಕೊಯ್ಯುವುದು, ಚಿಮಟಿಗೆಯಲ್ಲಿ ಹಿಡಿದು ತೊಟ್ಟಿಗೆ ಇಳಿಬಿಡುವುದು ಎಲ್ಲವೂ ಕೆಲಸದ ಯಂಕಮ್ಮನದು. ಅವಳು ಶೆಡ್ಡಿನ ನಲ್ಲಿಯಲ್ಲಿ ಕೈ ತೊಳೆದು, ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಪಾತ್ರೆ ತಿಕ್ಕುತ್ತಿದ್ದಳು. ಮೀನು ಸಾಕಿದವನು ಶಶಿಕಾಂತ ಎಂದು ಓಣಿಯಲ್ಲೆಲ್ಲ ಹೆಸರು.

ಹೆದರಿಕೆ ಹುಟ್ಟಿದ ಮೇಲೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ಫೋನ್ ಮಾಡಿದ. ಆ ಕಡೆಯವರು ಸೌಜನ್ಯದಿಂದಲೇ ಮಾತಾಡಿದರು. ತಮ್ಮಲ್ಲಿ ಅದನ್ನು ಇಡಲು ತೊಟ್ಟಿಯಿಲ್ಲ, ನೀವೇ ವಿಲೇವಾರಿ ಮಾಡಿ, ಹೂತು, ಒಂದು ಫೋಟೋ ಕಳಿಸಿಬಿಡಿ, ಇಲ್ಲದಿದ್ದರೆ ಸೋಮವಾರ ನಾವೇ ಬಂದು ಕೇಸು ಹಾಕಬೇಕಾಗುತ್ತದೆ ಎಂದರು. ವಿಲೇವಾರಿ ಅಂದರೆ ಏನು ಎಂದು ಶಶಿಕಾಂತ ಕೇಳಿದ. “ವಿಲೇವಾರಿ ಅಂದ್ರ ವಿಲೇವಾರಿ ರೀ ಸರ್,” ಎಂದು ಆ ಕಡೆಯವರು ಸ್ವಲ್ಪ ಮುಜುಗರಪಟ್ಟುಕೊಂಡರು. ಅವರ ಮನೆಯಲ್ಲೂ ಯಾರೂ ಆ ಇನ್ನೊಂದು ಶಬ್ದ ಆಡುತ್ತಿರಲಿಲ್ಲವೋ ಏನೋ. ಅಂಜನಾ ಫೋನಿನಲ್ಲಿ ಹುಡುಕಿ ಲವಂಗದ ಎಣ್ಣೆ ತರಿಸಿದಳು. ನೀರಿಗೆ ಹೆಚ್ಚು ಹಾಕಿದರೆ ಮೀನು ನಿದ್ದೆಯಲ್ಲೇ ಹೋಗುತ್ತದಂತೆ. ಶನಿವಾರ ಬೆಳಿಗ್ಗೆ ಶಶಿಕಾಂತ ಬಾಟಲಿ ಬಗ್ಗಿಸಿದ. ಮೀನು ಮೆಲ್ಲಗೆ ವಾಲಿತು, ಹೊಟ್ಟೆ ಬೆಳ್ಳಗೆ ಕಂಡಿತು, ಅವನ ಕೈ ಅಲ್ಲಿಗೇ ನಿಂತಿತು. ಮನೆಯ ತುಂಬ ಘಮ. ಒಳಗಿನ ಕೋಣೆಯಿಂದ ತಾಯಿ ಕೊಟ್ರಬಸಮ್ಮ, ಪಲಾವ್ ಮಾಡುತ್ತಿದ್ದೀರೇನು ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಮೀನು ಎದ್ದು, ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ನಿಂತಿತ್ತು. ಬಾಟಲಿಯಲ್ಲಿ ಅರ್ಧ ಎಣ್ಣೆ ಹಾಗೇ ಉಳಿದಿತ್ತು.

ಯಂಕಮ್ಮನಿಗೆ ಹೇಳೋಣವೆಂದರೆ, ಸುಳಿವು ಸಿಕ್ಕಿತೋ ಏನೋ, ನೆಂಟರ ಮನೆಯಲ್ಲಿ ಕಾರ್ಯವಿದೆಯೆಂದು ಅವಳು ಬರುವುದನ್ನೇ ನಿಲ್ಲಿಸಿದ್ದಳು. ಸಂಜೆ ಬಲೆಯಲ್ಲಿ ಎತ್ತಿ ಡ್ರಮ್ಮಿಗೆ ಹಾಕಿಕೊಂಡು ಕೌಲ್ ಬಜಾರಿಗೆ ಹೋದ. ಮಾರಿದ ಅಂಗಡಿಯವನು ಇಂಥದನ್ನು ಜನ್ಮದಲ್ಲೇ ಕಂಡಿಲ್ಲ ಎಂದ. ಮೀನು ಕೊಯ್ಯುವ ಕಟ್ಟೆಯವನು ಮುಚ್ಚಳ ಎತ್ತಿ ನೋಡಿ, ಇದು ಮೀನಲ್ಲ, ತನ್ನ ಕತ್ತಿ ಹಾಳಾಗುತ್ತದೆ ಎಂದು ಗಟ್ಟಿಯಾಗಿ ಹೇಳಿದ. ಆಟೋದವರು ಸುತ್ತ ನಿಂತರು. ಯಾರೋ ಮೊಬೈಲ್ ಹಿಡಿದರು. ಆ ಗುಂಪಿನಿಂದ “ನಮ್ಮ ಎಕನಾಮಿಕ್ಸ್ ಸರ್ ಲೇ” ಎಂಬ ಮಾತು ಕೇಳಿದ್ದೇ ತಡ, ಶಶಿಕಾಂತ ಡ್ರಮ್ಮನ್ನು ಎದೆಗವುಚಿಕೊಂಡು ಕಾರಿನ ಕಡೆ ನಡೆದ. ಅಂಗಿ ಎಲ್ಲ ನೆನೆದುಹೋಯಿತು. ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಕೂತಿದ್ದಳು. “ನೀರಿನ ಜೀವ ನೀರಿಗೆ ಬಿಟ್ಟು ಬಾರೋ. ಹಚ್ಚೊಳ್ಳಿಯಾಗ ನಿಮ್ಮ ಮಾವನ ಹೊಲದ ಬಾಜು ಕಾಲುವಿ ಐತಿ, ಅಲ್ಲಿ ಬಿಡು. ಕೊಲ್ಲೂದು ಗಿಲ್ಲೂದು ನಮ್ಮ ಮನಿತನದಾಗ ಇಲ್ಲ.” ಹಾಗೆ ಬಿಟ್ಟರೆ ಅದು ಕಾಲುವೆಯಲ್ಲಿ ಇದ್ದಬದ್ದ ಮೀನನ್ನೆಲ್ಲ ತಿಂದು ಹಾಕುತ್ತದೆ, ಅದಕ್ಕೇ ಸರ್ಕಾರ ಬೇಡವೆಂದಿರುವುದು ಎಂದು ಅವನು ವಿವರಿಸಿದ. ಅದು ಅದರ ಪಾಪ ಎಂದಳು ತಾಯಿ. ಆಗಲೇ ಸಮ್ರಾಟನ ನೆನಪಾದದ್ದು. ಹುಡುಕಿ ತೆಗೆದ ಹೆಸರಲ್ಲ, ತಾನಾಗಿ ಬಂದ ಹೆಸರು. ‘ನಮ್ಮ ಮನಿತನದಾಗ ಇಲ್ಲ’ ಎಂದು ತಾಯಿ ಬಾಯಿ ಮುಚ್ಚಿದ ಮರುಗಳಿಗೆಯೇ ಅದು ಬಂದು ನಿಂತದ್ದು ಶಶಿಕಾಂತನಿಗೆ ಸರಿಯೆನಿಸಲಿಲ್ಲ. ಪ್ರಾಣಿಶಾಸ್ತ್ರದ ವಿಷಯ ಅವನಿಗೆ ಹೊಳೆದದ್ದು ಅದಾದ ಮೇಲೆ, ಕೈಕಾಲು ತೊಳೆಯುವಾಗ.

ಹೆದ್ದಾರಿಯಲ್ಲಿ ಪೊಲೀಸರು ನಿಂತಿರುತ್ತಾರೆಂದು ಅವನು ಕುರುಗೋಡಿನ ಮೇಲೆ ಸುತ್ತು ಹಾಕಿದ್ದ. ಬಂಡೆಗಳ ಗುಡ್ಡ ಕಂಡ ಕೂಡಲೇ ಹೊಟ್ಟೆಯಲ್ಲಿ ಒಂದು ಹಳೆಯ ಹಸಿವು ಎದ್ದಿತು. ಇಬ್ಬರಿಗೂ ಮೊದಲ ನೌಕರಿ ಸಿಕ್ಕಿದ್ದು ಈ ಊರಿನಲ್ಲೇ. ಬಸ್ ನಿಲ್ದಾಣದ ಹಿಂದೆ, ಮರಿಬಸಪ್ಪ ಎಂಬವರ ಮಹಡಿಯ ಮೇಲಿನ ಕೋಣೆ. ಬಾಡಿಗೆಗೆ ಕೇಳಲು ಹೋದ ದಿನ ಮರಿಬಸಪ್ಪ ಇಬ್ಬರ ಊರು ಕೇಳಿದರು, ಶಶಿಕಾಂತನನ್ನು ಅಲ್ಲಿಗೆ ಬಿಟ್ಟರು, ಸಮ್ರಾಟನನ್ನು ಮಾತ್ರ ಊರಿನಲ್ಲಿ ಯಾವ ಓಣಿ ಎಂದೂ ಕೇಳಿದರು. ದಲಿತರ ಓಣಿ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮಾಂಸ ಮಡ್ಡಿ ನಮ್ಮಲ್ಲಿ ನಡೆಯುವುದಿಲ್ಲ ನೋಡಿರಿ ಎಂದು ಮರಿಬಸಪ್ಪ ಅವನೊಬ್ಬನಿಗೇ ಹೇಳಿದರು. ನಾನು ತಿನ್ನುವುದಿಲ್ಲ ಎಂದು ಸಮ್ರಾಟ ಹೇಳಿದ. ಕೋಣೆಗಾಗಿ ಹೇಳಿದ ಸುಳ್ಳು ಅದು ಎಂದು ಶಶಿಕಾಂತನಿಗೆ ಆಗಲೇ ಗೊತ್ತಾಗಿಹೋಯಿತು, ಮತ್ತು ಅವನು ಅದನ್ನು ಎರಡು ವರ್ಷ ಜೋಪಾನವಾಗಿ ಕಾಪಾಡಿದ. ಯಾರಾದರೂ ಊಟದ ಮಾತೆತ್ತಿದರೆ ತಾನೇ ಮಾತು ತಿರುಗಿಸುತ್ತಿದ್ದ. ತನ್ನ ಈ ದೊಡ್ಡತನಕ್ಕೆ ತಾನೇ ಒಳಗೊಳಗೆ ಬೆನ್ನು ತಟ್ಟಿಕೊಳ್ಳುತ್ತಿದ್ದ. ಒಮ್ಮೆ ಬಳ್ಳಾರಿಯಿಂದ ಬರುವಾಗ ಬೇಕರಿಯಲ್ಲಿ ಮೊಟ್ಟೆ ಪಫ್ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಪೊಟ್ಟಣ ಸೋಂಕಿದ ಜಾಗ ಸುಡುತ್ತಿದ್ದರೂ ಸಹಿಸಿಕೊಂಡು ತಂದು ಸಮ್ರಾಟನ ಕೈಗಿಟ್ಟಿದ್ದ. ತಿನ್ನು, ಯಾರಿಗೂ ಹೇಳುವುದಿಲ್ಲ. ಸಮ್ರಾಟ ಪೊಟ್ಟಣವನ್ನೂ ಅವನನ್ನೂ ನೋಡಿ ಜೋರಾಗಿ ನಕ್ಕು, ಹೊರಗೆ ತಿಂದು ಬರುತ್ತೇನೆ ಎಂದು ಮೆಟ್ಟಿಲಿಳಿದು ಹೋಗಿ, ಕೈ ಒರೆಸಿಕೊಳ್ಳುತ್ತ ಬಂದ. ಅವತ್ತಿನಿಂದ ಸಮ್ರಾಟ ಅವನನ್ನು ‘ಲೇ ಶಶಿ’ ಎನ್ನತೊಡಗಿದ. ಮನೆಯಲ್ಲಿ ಒಬ್ಬನೇ ಮಗನಾಗಿ, ಬಂಧುಗಳಲ್ಲಿ ಓದಿದವನಾಗಿ, ತಾಯಿಯ ಹೊರತು ಎಲ್ಲರ ಬಾಯಲ್ಲೂ ಬಹುವಚನವಾಗಿದ್ದ ಶಶಿಕಾಂತನಿಗೆ ಆ ‘ಲೇ’ ಎಷ್ಟು ಸುಖ ಕೊಟ್ಟಿತೆಂದರೆ, ಈಗಲೂ ಫೋನೆತ್ತಿದ ಕೂಡಲೇ ಅದಕ್ಕಾಗಿ ಕಾಯುತ್ತಿದ್ದ. ಈ ವಯಸ್ಸಿನಲ್ಲಿ ಹೊಸದಾಗಿ ಲೇ ಎನ್ನುವವರು ಹುಟ್ಟಿಬರುವುದಿಲ್ಲ. ಇವತ್ತಿನ ಮಾತು ಅದನ್ನು ಎಲ್ಲಿ ಕಿತ್ತುಕೊಂಡು ಹೋಗುತ್ತದೋ ಎಂದು ಅವನಿಗೆ ನಿಜವಾಗಿಯೂ ಭಯವಿತ್ತು.

ಭಯ ಹೆಚ್ಚಾಗಿ, ಸಿರುಗುಪ್ಪ ಇನ್ನೂ ದೂರವಿರುವಾಗ, ಕಾಲುವೆಯ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದ. ನೀರು ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಭತ್ತ. ಬೆಲ್ಟ್ ಬಿಚ್ಚಿ ಡ್ರಮ್ಮನ್ನು ಏರಿಯವರೆಗೆ ಎಳೆದ. ಮುಚ್ಚಳಕ್ಕೆ ಕೈ ಹಾಕಿದ. ತಾಯಿಯ ಮಾತು ನಡೆಸಿದ ಹಾಗೂ ಆಗುತ್ತದೆ, ಸಮ್ರಾಟನ ಮನೆಯಲ್ಲಿ ಸುಮ್ಮನೆ ಚಹಾ ಕುಡಿದು ಬಂದ ಹಾಗೂ ಆಗುತ್ತದೆ. ಅಷ್ಟರಲ್ಲಿ ಟ್ರ್ಯಾಕ್ಟರೊಂದು ಬಂದು ಪಕ್ಕದಲ್ಲೇ ನಿಂತಿತು. ಓಡಿಸುತ್ತಿದ್ದವನು ಎಂಜಿನ್ ಆರಿಸಿ, ಏನು ಸಾರ್, ಗಣಪ್ಪನನ್ನು ಬಿಡಲಿಕ್ಕೆ ಬಂದಿದ್ದೀರೇನು, ಇನ್ನೂ ಹಬ್ಬ ಬಂದಿಲ್ಲವಲ್ಲ ಎಂದು ವಿಚಾರಿಸಿದ. ರೇಡಿಯೇಟರಿಗೆ ನೀರು ಬೇಕಿತ್ತು ಎಂದ ಶಶಿಕಾಂತ. ಡ್ರಮ್ಮಿನೊಳಗಿಂದ ಗುಳುಕ್ ಎಂದಿತು. ಟ್ರ್ಯಾಕ್ಟರಿನವನು ಅದನ್ನು ಕೇಳಿಸಿಕೊಂಡ. ಹೋಗುವ ಅವಸರ ಅವನಿಗೆ ಕಾಣಲಿಲ್ಲ. ಬೀಡಿ ಹಚ್ಚಿಕೊಂಡು, ರೇಡಿಯೇಟರಿಗೆ ಇಷ್ಟು ದೊಡ್ಡ ಡ್ರಮ್ಮು ತಂದ ಮನುಷ್ಯನನ್ನು ತೃಪ್ತಿಯಿಂದ ನೋಡುತ್ತ ಕೂತ. ಶಶಿಕಾಂತ ಡ್ರಮ್ಮನ್ನು ವಾಪಸ್ಸು ಎಳೆದು ಸೀಟಿನ ಮೇಲೆ ಕೂಡಿಸಿ ಬೆಲ್ಟ್ ಹಾಕಿದ. ಕಾಲುವೆಯ ಸಣ್ಣ ಮೀನುಗಳ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ ಎಂದು ಮುಂದೆ ಯಾರಿಗಾದರೂ ಹೇಳಬಹುದಿತ್ತು. ಕೆಲವು ಮೈಲಿ ಹೋಗುವಷ್ಟರಲ್ಲಿ ಅವನೇ ಅದನ್ನು ಅರ್ಧ ನಂಬಿದ್ದ.

ಸಮ್ರಾಟನ ಮನೆ ಸಿರುಗುಪ್ಪದ ಅಂಚಿನಲ್ಲಿ, ಹಚ್ಚೊಳ್ಳಿಯ ರಸ್ತೆಗೆ. ಅವನು ತಲೆಗೆ ಕಪ್ಪು ಬಳಿದುಕೊಂಡು, ಅದು ಒಣಗಲೆಂದು ಹೆಗಲ ಮೇಲೆ ಹಳೆಯ ಪೇಪರ್ ಹೊದ್ದು, ಪಡಸಾಲೆಯಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದ. “ಲೇ ಶಶಿ, ಬಾರಲೇ, ಮುಟ್ಟಬ್ಯಾಡ ಮತ್ತ, ಬಣ್ಣ ಹತ್ತತೈತಿ,” ಎಂದು ಕೂತಲ್ಲಿಂದಲೇ ಕೂಗಿದ. ಶಶಿಕಾಂತನ ಕಣ್ಣು ಸ್ವಲ್ಪ ತುಂಬಿದಂತಾಯಿತು. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ತೀರಿಹೋದ ಅಪ್ಪ ಉಚ್ಚೆಂಗೆಪ್ಪನ ಫೋಟೋ. ಇವೆರಡನ್ನೂ ಅವನು ಹಿಂದೆಯೂ ನೋಡಿದ್ದ, ನೋಡಿದ್ದ ಅಷ್ಟೇ. ಕಟ್ಟೆಯ ಮೇಲೆ ಕೂತಿದ್ದ ತಾಯಿ ಹಂಪಕ್ಕ ಬರ್ರಿ ಸಾರ್, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೇನ್ರಿ ಎಂದು ವಿಚಾರಿಸಿಕೊಂಡಳು. ಹೆಂಡತಿ ಸುಮಂಗಲಾ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟಳು. ಕಾರಿನಲ್ಲಿ ಏನೋ ಇದೆ, ನಿನಗೆ ತೋರಿಸಬೇಕಿತ್ತು ಎಂದು ಶಶಿಕಾಂತ ತೊದಲಿದ. ಸಮ್ರಾಟ ಪೇಪರ್ ಹೊದ್ದುಕೊಂಡೇ ಹೊರಗೆ ಬಂದ. ಇಬ್ಬರೂ ಸೇರಿ ಡ್ರಮ್ಮು ಇಳಿಸಿದರು. ಸಮ್ರಾಟ ಮುಚ್ಚಳ ತೆಗೆದು ಬಗ್ಗಿ ನೋಡಿದ. ಅವನ ಮುಖ ಹುಡುಗನ ಮುಖವಾಯಿತು. ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲವಂತೆ. ಮೈಮೇಲಿನದು ಹುರುಪೆಯಲ್ಲ, ಎಲುಬಿನಷ್ಟು ಗಟ್ಟಿ, ಇದರ ಮೊಟ್ಟೆ ವಿಷ, ಇದು ಡೈನೋಸಾರಿನ ಕಾಲದ್ದು ಎಂದು ಹೆಂಡತಿಗೂ ತಾಯಿಗೂ ತೋರಿಸಿ ಹೇಳಿದ. ಒಳಗೆ ಬಂದು ಕೂತ ಮೇಲೆ, ಅಂಥದನ್ನು ಇಟ್ಟುಕೊಳ್ಳಬೇಡ, ಆದೇಶ ಬಂದಿದೆ, ಬಂದದ್ದು ಒಳ್ಳೆಯದೇ ಆಯಿತು, ಯಾವ ಪುಣ್ಯಾತ್ಮನಾದರೂ ಒಯ್ದು ಹೊಳೆಗೆ ಬಿಟ್ಟರೆ ಹೊಳೆಯ ಮೀನುಗಳ ಕಥೆ ಮುಗಿಯಿತು ಎಂದು ತಾನೇ ಮಾತು ತೆಗೆದ.

ದಾರಿ ಇಷ್ಟು ಸಲೀಸಾಗಿ ತೆರೆದದ್ದರಿಂದಲೇ ಶಶಿಕಾಂತನ ಎಚ್ಚರ ತಪ್ಪಿತೋ ಏನೋ. ಅವನು ಆದೇಶದ ಬಗ್ಗೆ ಹೇಳಿದ, ವಿಲೇವಾರಿಯ ಬಗ್ಗೆ ಹೇಳಿದ, ಲವಂಗದ ಎಣ್ಣೆಯ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ನಗುವಿನ ಬಾಲ ಹಿಡಿದುಕೊಂಡೇ ಮಾತು ಮುಂದುವರಿಯಿತು.

“ನನ್ನ ಕೈಲೆ ಆಗವಲ್ದೋ. ನಮ್ಮ ಮನಿಯಾಗ ಯಾರಿಗೂ ರೂಢಿ ಇಲ್ಲ. ನಿಮಗಾದ್ರ ರೂಢಿ ಇರ್ತೈತಿ.”

ಆಡಿದ ಮೇಲೂ ಒಂದು ಗಳಿಗೆ ಅವನಿಗೆ ಗೊತ್ತಾಗಲಿಲ್ಲ. ಸಮ್ರಾಟನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರ ನಿಂತಿತು. ಟೀವಿಯಲ್ಲಿ ಯಾರೋ ಔಟಾಗಿ ಜನ ಕೂಗುತ್ತಿದ್ದರು. ಇಷ್ಟು ವರ್ಷ ಅವರಿಬ್ಬರ ನಡುವೆ ಇದ್ದದ್ದು ನೀನು, ನಿನಗೆ, ನಿನ್ನ. ಎಲ್ಲಿಂದಲೋ ಒಂದು ‘ಮ’ ಬಂದು ‘ನ’ದ ಜಾಗದಲ್ಲಿ ಕೂತುಬಿಟ್ಟಿತ್ತು, ಕರೆಯದಿದ್ದರೂ ಬಂದು ಪಂಕ್ತಿಯಲ್ಲಿ ಕೂತವರ ಹಾಗೆ. ಹೇಳಿದ್ದನ್ನು ಬದಲಿಸಿ ಹೇಳಿದರೆ ಇನ್ನೂ ಹೆಚ್ಚು ಕೇಳಿಸುತ್ತದೆ ಎಂದು ಗೊತ್ತಿದ್ದೂ ಶಶಿಕಾಂತ ಬಾಯಿ ತೆರೆದ. ಅಷ್ಟರಲ್ಲಿ ಸಮ್ರಾಟ ಮಿರ್ಚಿಯನ್ನು ತಟ್ಟೆಯಲ್ಲಿ ಇಟ್ಟ.

“ನಿಮಗ ಅಂದ್ರ ಯಾರಿಗೆ?”

“ಅಂದ್ರ… ಜುವಾಲಜಿಯವ್ರಿಗೆ.”

ಸಮ್ರಾಟ ತಲೆದೂಗಿದ. ಜುವಾಲಜಿಯವರು ಕಪ್ಪೆ ಕೊಯ್ಯುವುದು ನಿಂತು ಎಷ್ಟೋ ಕಾಲವಾಯಿತು, ಅದೂ ಸರ್ಕಾರದ ಆದೇಶವೇ, ಈಗ ಎಲ್ಲ ಕಂಪ್ಯೂಟರಿನಲ್ಲಿ ತೋರಿಸುತ್ತೇವೆ ಎಂದು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕ್ಷಮೆ ಕೇಳಬಹುದಿತ್ತು ಎಂದು ಶಶಿಕಾಂತನಿಗೆ ಅನ್ನಿಸಿತು. ಮುಂದಿನದನ್ನು ಹೇಳಿದವಳು ಹಂಪಕ್ಕ. ಯಾರನ್ನೂ ಚುಚ್ಚಬೇಕೆಂದಲ್ಲ, ಮನೆಗೆ ಬಂದವರಿಗೆ ಮನೆಯ ಸುದ್ದಿ ಹೇಳುವ ಹಾಗೆ. ಸಮ್ರಾಟ ಸಾಲಿಗೆ ಹೋಗುವಾಗಲೇ ಅವನ ಅಪ್ಪ ಬುದ್ಧನ ದೀಕ್ಷೆ ತಗೊಂಡು, ಮನೆಮಂದಿಗೆಲ್ಲ ಪಂಚಶೀಲ ಕೊಡಿಸಿದನಂತೆ. ಜೀವ ಕೊಲ್ಲುವುದಿಲ್ಲ ಎಂಬುದೇ ಅದರಲ್ಲಿ ಮೊದಲನೆಯದು. ಅವತ್ತಿನಿಂದ ಮನೆಗೆ ಮೊಟ್ಟೆ ಸಹ ಬಂದಿಲ್ಲ. ತನಗೆ ಒಣಮೀನು ಬಿಡುವುದು ಬಹಳ ಕಷ್ಟವಾಯಿತು, ಎಷ್ಟೋ ದಿನ ಕನಸಿನಲ್ಲಿ ವಾಸನೆ ಬರುತ್ತಿತ್ತು ಎಂದು ಹೇಳಿ ಮುದುಕಿ ನಕ್ಕಳು. ಶಶಿಕಾಂತನಿಗೆ ನಗಲಾಗಲಿಲ್ಲ. ಕೇಳಬಾರದು ಎಂದುಕೊಂಡರೂ, ಹಾಗಾದರೆ ಕುರುಗೋಡಿನಲ್ಲಿ ಆ ಪಫ್ ಎಂದು ಕೇಳಿಯೇಬಿಟ್ಟ.

“ನಾಯಿಗೆ ಹಾಕಿದೆ,” ಎಂದ ಸಮ್ರಾಟ. “ಅಷ್ಟು ಖುಷಿಲೆ ತಂದಿದ್ದಿ. ಬ್ಯಾಡ ಅನ್ನಾಕ ಮನಸಾಗಲಿಲ್ಲ.”

ಪಡಸಾಲೆಯಲ್ಲಿ ಕೂತಿದ್ದ ಶಶಿಕಾಂತ ಒಳಗೊಳಗೇ ಆ ಎರಡು ವರ್ಷಗಳ ಮೆಟ್ಟಿಲನ್ನು ಮತ್ತೆ ಹತ್ತಿ ಇಳಿದ. ತಾನು ಕಾಪಾಡಿದ್ದ ಸುಳ್ಳು ಅಲ್ಲಿ ಇರಲೇ ಇಲ್ಲ. ತನ್ನ ಆ ದೊಡ್ಡತನವನ್ನೇ, ಅದಕ್ಕೆ ಅವಮಾನವಾಗದಂತೆ, ಇನ್ನೊಬ್ಬ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದ. ನಾಚಿಕೆಯಾಯಿತು, ನಾಚಿಕೆಯ ನಡುವೆಯೂ ಸೋಮವಾರದ ನೆನಪಾಯಿತು. ಸುಮಂಗಲಾ ತಟ್ಟೆಗಳನ್ನು ಎತ್ತಿಕೊಳ್ಳುತ್ತ, ತನ್ನ ತವರಿನಲ್ಲಿ ಈಗಲೂ ತಿನ್ನುತ್ತಾರೆ, ಮದುವೆಗೆ ಮುಂಚೆ ತಾನೂ ಎಷ್ಟೋ ಮೀನು ಕೊಯ್ದವಳೇ ಎಂದಳು. ಶಶಿಕಾಂತನ ಕಣ್ಣು ಥಟ್ಟನೆ ಅವಳ ಕೈಗಳ ಮೇಲೆ ಹೋಯಿತು. ಹೋದದ್ದು ಅವನಿಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. “ತಿನ್ನಾಕ ಕೊಯ್ಯೂದು ಬ್ಯಾರೆ ಅಣ್ಣಾರ, ಸಾಕಿದ್ದು ಕೊಲ್ಲೂದು ಬ್ಯಾರೆ,” ಎಂದು ಹೇಳಿ ಅವಳು ತಟ್ಟೆಗಳನ್ನು ಒಳಗೆ ಒಯ್ದಳು.

ಸಮ್ರಾಟ ಟೀವಿ ಆರಿಸಿ ಎದ್ದು ನಿಂತ. ಕೊಲ್ಲಬೇಕಾದದ್ದಂತೂ ಖರೆ ಎಂದ. ತಾನು ಆ ಕೆಲಸ ಮಾಡುವುದಿಲ್ಲ. ಅದು ಜೀವಂತ ಈ ಅಂಗಳದಿಂದ ಹಚ್ಚೊಳ್ಳಿಯ ಕಡೆ ಹೋದರೂ ಸುಮ್ಮನಿರುವುದಿಲ್ಲ. ಮಾವನ ಹೊಲ ಅಲ್ಲಿದೆಯೆಂದು ಸಮ್ರಾಟನಿಗೆ ಗೊತ್ತಿತ್ತು, ಆದರೆ ಇವತ್ತು ಹಚ್ಚೊಳ್ಳಿಯ ಮಾತನ್ನು ಶಶಿಕಾಂತ ಎತ್ತಿರಲೇ ಇಲ್ಲ. “ಸಾಕಿದವ ನೀನು. ನೀನಾ ಮಾಡು. ನಾ ಇಲ್ಲೇ ನಿಂತಿರ್ತೀನಿ.” ಶಶಿಕಾಂತ ಕಾಯುತ್ತಿದ್ದ ‘ಲೇ’ ಆ ಮಾತಿನ ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ. ಶಶಿಕಾಂತ ಹೊರಗೆ ಬಂದು ಕಾರನ್ನು ನೋಡಿದ, ರಸ್ತೆಯನ್ನು ನೋಡಿದ. ಡ್ರಮ್ಮು ಎತ್ತಿಟ್ಟುಕೊಂಡು ಹೊರಟರೆ ಯಾರೂ ಅಡ್ಡ ಬರುತ್ತಿರಲಿಲ್ಲ. ಹೊರಟರೆ ಇನ್ನು ಈ ಅಂಗಳಕ್ಕೆ ಕಾಲಿಡಲಾಗುವುದಿಲ್ಲ ಎಂಬುದೂ ಅಷ್ಟೇ ಖಚಿತವಾಗಿತ್ತು. ಏನಾದರೂ ಕೊಡುತ್ತೀಯೇನು, ಕೊಡಲಿಯೋ ಏನೋ ಎಂದು ಕೇಳಿದ. ನಮ್ಮ ಮನೆಯದು ಏನೂ ಬೇಡ ಎಂದ ಸಮ್ರಾಟ. ಆಗ ಶಶಿಕಾಂತ ಕಾರಿನ ಡಿಕ್ಕಿ ತೆಗೆದು, ಚಕ್ರ ಬಿಚ್ಚುವ ಸ್ಪ್ಯಾನರನ್ನು ಹೊರಗೆ ತೆಗೆದ. ಹೊಸದು, ಒಂದು ಸಲವೂ ಬಳಸಿರಲಿಲ್ಲ.

ಮನೆಯ ಹಿಂದೆ, ಗೋಡೆಯ ಪಕ್ಕದ ಖಾಲಿ ಜಾಗದಲ್ಲಿ ಡ್ರಮ್ಮನ್ನು ಉರುಳಿಸಿದ. ನೀರು ಹರಿದು ಕರಿಮಣ್ಣು ಮೆತ್ತಗಾಯಿತು. ಮೀನು ಒಂದೆರಡು ಸಲ ಬಾಲ ಬಡಿದು, ಆಮೇಲೆ ತೊಟ್ಟಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಸುಮ್ಮನಾಯಿತು. ಗಾಳಿ ನುಂಗಬಲ್ಲದ್ದರಿಂದ ಅದಕ್ಕೆ ಅಂಥ ಅವಸರವಿರಲಿಲ್ಲ. ಇಷ್ಟು ಹತ್ತಿರದಿಂದ, ನಡುವೆ ಗಾಜಿಲ್ಲದೆ, ಶಶಿಕಾಂತ ಅದನ್ನು ಎಂದೂ ನೋಡಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ಮೈ ಹಿಡಿದುಕೊಂಡರೆ ಜಾರಿತು. ಮೊಣಕಾಲೂರಿ ಒತ್ತಿ ಹಿಡಿದ. ಮೊದಲ ಪೆಟ್ಟು ಜಾರಿ ಮಣ್ಣಿಗೆ ಬಿತ್ತು. ಎರಡನೆಯದು ಕಲ್ಲಿಗೆ ಬಿದ್ದ ಹಾಗೆ ಠಣ್ ಎಂದು ತೋಳಿಗೆ ವಾಪಸ್ಸು ಬಂತು. ಗುಳುಕ್ ಎಂದಿತು ಮೀನು. ಸಮ್ರಾಟ ಅಲ್ಲೇ ನಿಂತಿದ್ದ, ಹೆಗಲ ಮೇಲಿನ ಪೇಪರ್ ಗಾಳಿಗೆ ಸದ್ದು ಮಾಡುತ್ತಿತ್ತು. ಮುಖ ತಿರುಗಿಸಲಿಲ್ಲ. ಅವನು ಬೇರೆ ಕಡೆ ನೋಡಿದ್ದರೆ ಶಶಿಕಾಂತ ಅಲ್ಲಿಗೇ ಬಿಟ್ಟುಬಿಡುತ್ತಿದ್ದನೇನೋ. ಆಮೇಲೆ ಅವನು ಎಣಿಸಲಿಲ್ಲ. ಹೊಡೆಯುತ್ತ ಹೋದಂತೆ ಅಳು ಬಂತು. ಅದು ಮೀನಿಗಾಗಿ ಎಂದುಕೊಂಡ, ಹೊಡೆಯುತ್ತಲೇ ಅಲ್ಲವೆಂದು ತಿಳಿದುಕೊಂಡ. ಮೀನಿನ ಮೈ ಸಡಿಲವಾದ ಮೇಲೂ ಒಂದು ಪೆಟ್ಟು ಹೆಚ್ಚು ಬಿತ್ತು.

ಮೆತ್ತಗಾದ ಮಣ್ಣನ್ನು ಸ್ಪ್ಯಾನರಿನ ಚಪ್ಪಟೆ ತುದಿಯಿಂದ ಕೆದರಿ, ಉಳಿದದ್ದನ್ನು ಕೈಯಿಂದಲೇ ತೆಗೆದು ಗುಂಡಿ ಮಾಡಿದ. ಮೀನನ್ನು ಮಲಗಿಸಿದ. ಫೋಟೋ ಬೇಕಲ್ಲ ಎಂದು ಸಮ್ರಾಟನೇ ನೆನಪಿಸಿ, ತನ್ನ ಮೊಬೈಲಿನಲ್ಲಿ ತೆಗೆದು ಅಲ್ಲಿಂದಲೇ ಕಳಿಸಿದ. ಶಶಿಕಾಂತನ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಮಣ್ಣು ಮುಚ್ಚಿ, ತುಳಿದು, ಎದ್ದು ನಿಂತಾಗ ಬೆನ್ನು ನೆಟ್ಟಗಾಗಲಿಲ್ಲ. ಮೊಣಕೈಯವರೆಗೆ ರಕ್ತ, ಲೋಳೆ, ಕರಿಮಣ್ಣು. ಸಮ್ರಾಟನ ಕಡೆ ನೋಡಿದ. ಏನಾದರೂ ಅನ್ನಲಿ, ಬೈಯಲಿ, ಲೇ ಹುಚ್ಚ ಎನ್ನಲಿ ಎಂದು ಎಷ್ಟು ಆಸೆಪಟ್ಟನೆಂದರೆ ಅವನ ಬಾಯಿಯೂ ಸ್ವಲ್ಪ ತೆರೆದಿತ್ತು. ಸಮ್ರಾಟನ ಕಿವಿಯ ಪಕ್ಕದಿಂದ ತಲೆಯ ಬಣ್ಣ ಇಳಿದು ಕತ್ತಿನಲ್ಲಿ ಗೆರೆ ಬಿದ್ದಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, ತೊಳೆದುಕೊಂಡು ಬರುತ್ತೇನೆ ಎಂದು ಒಳಗೆ ಹೋದ.

ಶಶಿಕಾಂತನೂ ಅವನ ಹಿಂದೆ ಹಿತ್ತಲ ಬಾಗಿಲಿನ ಮೆಟ್ಟಿಲಿಗೆ ಕಾಲಿಟ್ಟ. ಒಳಗೆ ಬೇಡ, ಇಲ್ಲೇ ನಿಲ್ಲು ಎಂದು ಹಂಪಕ್ಕ ತಡೆದಳು. ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಮೇಲಿನ ಮೆಟ್ಟಿಲ ಮೇಲೆ ನಿಂತಳು. ಅವನು ಕೆಳಗೆ ನಿಂತು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. ಅವನ ಕೈಯ ಹೊಲಸು ಚೊಂಬಿಗೆ ತಾಗದ ಹಾಗೆ ಮುದುಕಿ ಚೊಂಬನ್ನು ಮೇಲಕ್ಕೆತ್ತಿ ಹಿಡಿದು ಬಗ್ಗಿಸಿದಳು. ಅಷ್ಟೆತ್ತರದಿಂದ ನೀರು ಬೀಳುವುದನ್ನು ಶಶಿಕಾಂತ ತನ್ನ ಮನೆಯ ಹಿತ್ತಲಲ್ಲಿ ಎಷ್ಟೋ ಸಲ ನೋಡಿದ್ದ. ಕೆಳಗೆ ನಿಂತು ನೋಡಿರಲಿಲ್ಲ. ನೀರು ಬೊಗಸೆಗೆ ಬಿದ್ದು ಸಿಡಿದು ಅವನ ಅಂಗಿಗೂ ಮುಖಕ್ಕೂ ಹಾರಿತು.

“ಇನ್ನೊಂದೀಟು ಬಗ್ಗಪಾ,” ಎಂದಳು ಹಂಪಕ್ಕ.

ಅವನು ಬಗ್ಗಿದ.